ಕಚ್ಚಾಡದೆ ಬೇರೆಯಾಗುವುದು ಹೇಗೆ? ಓದುಗರ ಪ್ರಶ್ನೆ, ಕಾನೂನಿನ ಉತ್ತರ

ಬೇರೆಯಾಗುವುದು ತೀರ್ಮಾನವಾಗಿದೆ, ಆದರೆ ಕೋರ್ಟಿನಲ್ಲಿ ಒಬ್ಬರ ಮೇಲೊಬ್ಬರು ಕೆಸರು ಎರಚುವುದು ಬೇಡ ಎಂದುಕೊಂಡವರ ಪತ್ರಗಳನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಉತ್ತರಿಸಿದವರು ಕೌಟುಂಬಿಕ ಪ್ರಕರಣಗಳ ವಕೀಲರು ಮತ್ತು ಮಧ್ಯಸ್ಥಿಕೆಗಾರರು. ಪತ್ರ ಬರೆದವರ ಹೆಸರು, ಊರು ಬಿಟ್ಟಿದ್ದೇವೆ. ಉತ್ತರಗಳು ಹಿಂದೂ ವಿವಾಹ ಕಾಯ್ದೆಗೆ ಒಳಪಟ್ಟವರನ್ನು ಮುಂದಿಟ್ಟುಕೊಂಡು ಬರೆದವು. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೂ ಕ್ರಮ ಹೆಚ್ಚುಕಡಿಮೆ ಇದೇ, ಅಲ್ಲಿ ಅದು ಕಲಂ 28.

ಪ್ರಶ್ನೆ: ನಾವಿಬ್ಬರೂ ಒಪ್ಪಿಯೇ ಬೇರೆಯಾಗುತ್ತಿದ್ದೇವೆ. ಮಕ್ಕಳಿಲ್ಲ. ಹಿರಿಯರ ಮುಂದೆ ಬಾಂಡ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿದರೆ ಸಾಕು ಎಂದು ನಮ್ಮ ಭಾವ ಹೇಳುತ್ತಾರೆ. ಕೋರ್ಟಿಗೆ ಹೋಗಲೇಬೇಕೆ?

ಹೋಗಲೇಬೇಕು. ನೋಟರಿ ಮುದ್ರೆ ಹೇಳುವುದು ಸಹಿ ಹಾಕಿದವರು ನೀವೇ ಎಂಬುದನ್ನು ಮಾತ್ರ. ಮದುವೆಯನ್ನು ಕೊನೆಗಾಣಿಸುವ ಅಧಿಕಾರ ನೋಟರಿಗಿಲ್ಲ, ಹಿರಿಯರಿಗೂ ಇಲ್ಲ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು ಕಾಯ್ದೆಯ ಕಲಂ 29 ಉಳಿಸಿದೆ ನಿಜ, ಆದರೆ ಅಂಥ ರೂಢಿ ಹಿಂದಿನಿಂದ ನಡೆದುಬಂದಿದೆ ಎಂದು ಸಾಕ್ಷ್ಯ ಕೊಟ್ಟು ಸಾಬೀತು ಮಾಡುವ ಹೊರೆ ನಿಮ್ಮದು. ಬಾಂಡ್ ಪೇಪರ್ ನಂಬಿ ಇನ್ನೊಂದು ಮದುವೆಯಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 82ರ ಪ್ರಕಾರ ಅದು ದ್ವಿಪತ್ನಿತ್ವ ಅಥವಾ ದ್ವಿಪತಿತ್ವದ ಅಪರಾಧ, 7 ವರ್ಷದವರೆಗೆ ಜೈಲು. ಹತ್ತು ವರ್ಷ ಕಳೆದ ಮೇಲೆ ಪಿಂಚಣಿಗೋ ಆಸ್ತಿಗೋ ಇಬ್ಬರು ಹೆಂಡಿರು ಎದುರುಬದುರು ನಿಲ್ಲುವ ಕೇಸುಗಳ ಬೇರು ಎಷ್ಟೋ ಸಲ ಇಂಥ ಒಂದು ಹಾಳೆಯಲ್ಲೇ ಇರುತ್ತದೆ.

ನಿಮಗೆ ಬೇಕಾದದ್ದು ಕಲಂ 13ಬಿ, ಅಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ. ಅರ್ಜಿ ಹಾಕುವ ಹೊತ್ತಿಗೆ ಕನಿಷ್ಠ ಒಂದು ವರ್ಷದಿಂದ ಬೇರೆ ಇರಬೇಕು. ಬೇರೆ ಇರುವುದು ಎಂದರೆ ಬೇರೆ ಮನೆಯೇ ಆಗಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದರೂ ಗಂಡ-ಹೆಂಡತಿಯಾಗಿ ಬಾಳುತ್ತಿಲ್ಲದಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಇಬ್ಬರೂ ಸೇರಿ ಒಂದೇ ಅರ್ಜಿ ಕೊಡುತ್ತೀರಿ, ಕೋರ್ಟ್ ಇಬ್ಬರ ಹೇಳಿಕೆ ದಾಖಲಿಸುತ್ತದೆ. ಇದು ಮೊದಲ ಹಂತ. ಅರ್ಜಿ ಕೊಟ್ಟ ದಿನದಿಂದ ಲೆಕ್ಕ ಹಾಕಿ 6 ತಿಂಗಳ ನಂತರ, 18 ತಿಂಗಳೊಳಗೆ, ಮತ್ತೆ ಇಬ್ಬರೂ ಬಂದು ‘ನಮ್ಮ ಮನಸ್ಸು ಬದಲಾಗಿಲ್ಲ’ ಎನ್ನಬೇಕು. ಆಗ ಡಿಕ್ರಿ, ಅಂದರೆ ವಿಚ್ಛೇದನದ ಅಂತಿಮ ಆದೇಶ.

ಆ 6 ತಿಂಗಳ ಕಾಯುವಿಕೆಯನ್ನು ಕೋರ್ಟ್ ಮನ್ನಾ ಮಾಡಬಹುದು. 2017ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ತೋರಿದೆ. ಮೊದಲ ಹಂತಕ್ಕೆ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ಮತ್ತೆ ಒಂದಾಗಿಸುವ ಪ್ರಯತ್ನಗಳು ಸೋತಿರಬೇಕು, ಜೀವನಾಂಶ, ಮಕ್ಕಳು, ಬಾಕಿ ವಿಷಯ ಎಲ್ಲವೂ ನಿಜವಾಗಿ ಇತ್ಯರ್ಥವಾಗಿರಬೇಕು, ಇನ್ನೂ ಕಾಯುವುದು ಸಂಕಟವನ್ನು ಉದ್ದ ಮಾಡುವುದಷ್ಟೇ ಎಂದು ಕೋರ್ಟಿಗೆ ಮನವರಿಕೆಯಾಗಬೇಕು. ಮೊದಲ ಹಂತ ಮುಗಿದು ಒಂದು ವಾರದ ನಂತರ ಮನ್ನಾ ಅರ್ಜಿ ಕೊಡಬಹುದು. ‘ಇಬ್ಬರೂ ಒಪ್ಪಿದ್ದೇವಲ್ಲ’ ಎಂಬುದೊಂದೇ ಕಾರಣ ಸಾಲದು. ಬೇರೆಯಾದ ದಿನಾಂಕಕ್ಕೆ ಆಧಾರ ಇಲ್ಲದ ಅರ್ಜಿಗಳು ಇಲ್ಲೇ ಮುಗ್ಗರಿಸುತ್ತವೆ. ಬಾಡಿಗೆ ಕರಾರು, ಬದಲಾದ ವಿಳಾಸದ ಬ್ಯಾಂಕ್ ಪತ್ರ, ವರ್ಗಾವಣೆ ಆದೇಶ ಇಂಥವನ್ನು ಮದುವೆಯ ಪುರಾವೆಯ ಜೊತೆಗೇ ಇಡಿ. ಒಬ್ಬರು ವಿದೇಶದಲ್ಲಿದ್ದರೆ ವಿಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಲು ಕೇಳಿಕೊಳ್ಳಬಹುದು, ಅದೇ ತೀರ್ಪು ಅದಕ್ಕೂ ಅವಕಾಶ ಕೊಟ್ಟಿದೆ.

ಪ್ರಶ್ನೆ: ಕೆಲವು ದೇಶಗಳಲ್ಲಿ ಗಂಡ-ಹೆಂಡತಿ ಇಬ್ಬರ ವಕೀಲರೂ ‘ನಾವು ಕೋರ್ಟಿನಲ್ಲಿ ಹೋರಾಡುವುದಿಲ್ಲ’ ಎಂದು ಬರೆದುಕೊಡುತ್ತಾರಂತೆ. ಇಲ್ಲಿ ಹಾಗೆ ಮಾಡಬಹುದೇ? ಅಥವಾ ಖರ್ಚು ಉಳಿಸಲು ಇಬ್ಬರಿಗೂ ಒಬ್ಬರೇ ವಕೀಲರಾದರೆ ಸಾಕೇ?

ನೀವು ಕೇಳಿದ್ದು ಕೊಲಾಬರೇಟಿವ್ ಲಾ ಎಂಬ ಪದ್ಧತಿಯ ಬಗ್ಗೆ. ಅಮೆರಿಕದ ಮಿನಿಯಾಪೊಲಿಸ್‌ನ ವಕೀಲ ಸ್ಟೂ ವೆಬ್ 1990ರಲ್ಲಿ ಇದನ್ನು ಶುರು ಮಾಡಿದರು. ತಿರುಳು ಸರಳ: ಇಬ್ಬರು ಕಕ್ಷಿದಾರರು, ಇಬ್ಬರು ವಕೀಲರು, ನಾಲ್ವರೂ ಒಂದೇ ಮೇಜಿನ ಸುತ್ತ ಕೂತು ಮಾತಾಡುತ್ತಾರೆ. ಮಾತುಕತೆ ಮುರಿದು ಯಾರಾದರೂ ಕೋರ್ಟಿಗೆ ಹೋದರೆ ಇಬ್ಬರು ವಕೀಲರೂ ಹಿಂದೆ ಸರಿಯಬೇಕು. ಈ ಒಂದು ಷರತ್ತೇ ಇಡೀ ಪದ್ಧತಿಯ ಬೆನ್ನೆಲುಬು. ಜಗಳ ಬೆಳೆದರೆ ವಕೀಲರಿಗೆ ಕೆಲಸವೇ ಹೋಗುತ್ತದೆ. ಕಕ್ಷಿದಾರರು ಹೊಸ ವಕೀಲರನ್ನು ಹುಡುಕಿ ಮೊದಲಿನಿಂದ ಹೇಳಿಕೊಳ್ಳಬೇಕಾಗುತ್ತದೆ. ಹಾಗಾಗಿ ನಾಲ್ವರಿಗೂ ಮುಗಿಸುವ ಕಡೆಗೇ ಮನಸ್ಸು.

ನಮ್ಮಲ್ಲಿ ಇದಕ್ಕೆಂದೇ ಕಾಯ್ದೆ ಇಲ್ಲ. ಆದರೆ ಇಬ್ಬರೂ ಒಪ್ಪಿ ಇಂಥ ಒಪ್ಪಂದ ಬರೆದುಕೊಳ್ಳುವುದಕ್ಕೆ ಅಡ್ಡಿಯೂ ಇಲ್ಲ. ಒಂದು ಎಚ್ಚರ: ‘ಇಬ್ಬರೂ ಕೋರ್ಟಿಗೆ ಹೋಗುವಂತಿಲ್ಲ’ ಎಂದು ಬರೆಯಬೇಡಿ. ಕೋರ್ಟಿಗೆ ಹೋಗುವ ಹಕ್ಕನ್ನೇ ಪೂರ್ತಿ ಕಸಿಯುವ ಒಪ್ಪಂದ ಕರಾರು ಕಾಯ್ದೆಯ ಕಲಂ 28ರಂತೆ ಅನೂರ್ಜಿತ. ‘ಹೋಗಬೇಕಾಗಿ ಬಂದರೆ ಈ ವಕೀಲರು ಯಾರ ಪರವಾಗಿಯೂ ವಕಾಲತ್ತು ಹಾಕುವುದಿಲ್ಲ’ ಎಂದು ಬರೆಯಿರಿ. ಜೊತೆಗೆ ಇನ್ನು ನಾಲ್ಕು ಮಾತು ಇರಲಿ: ಮಾತುಕತೆ ನಡೆಯುವಾಗ ಯಾರೂ ಹೊಸ ಕೇಸು ಹಾಕುವುದಿಲ್ಲ, ಜಂಟಿ ಖಾತೆಯಿಂದ ಮನೆಖರ್ಚು ಬಿಟ್ಟು ಬೇರೆ ಹಣ ತೆಗೆಯುವುದಿಲ್ಲ, ಮಕ್ಕಳ ಶಾಲೆ ಬದಲಿಸುವುದಿಲ್ಲ, ಇಂತಿಷ್ಟು ದಿನದೊಳಗೆ ಎಲ್ಲ ಹಣಕಾಸಿನ ದಾಖಲೆ ಮೇಜಿನ ಮೇಲಿಡುತ್ತೇವೆ.

ಈ ಕೊನೆಯ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸೌಹಾರ್ದದ ಮಾತುಕತೆ ಮುರಿದುಬೀಳುವುದು ದೊಡ್ಡ ಜಗಳದಿಂದ ಅಲ್ಲ, ಮೂರನೇ ಸಭೆಯಲ್ಲಿ ಹೊರಬೀಳುವ ಒಂದು ಬಚ್ಚಿಟ್ಟ ಎಫ್‌ಡಿಯಿಂದ. 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಅಫಿಡವಿಟ್ ಸಲ್ಲಿಸಬೇಕು ಎಂದು ಹೇಳಿ ಅದರ ನಮೂನೆಯನ್ನೂ ತೀರ್ಪಿಗೆ ಲಗತ್ತಿಸಿದೆ. ಕೋರ್ಟಿಗೆ ಹೋಗದಿದ್ದರೂ ಅದೇ ನಮೂನೆ ತುಂಬಿ ಅದಲು ಬದಲು ಮಾಡಿಕೊಳ್ಳಿ. ಮೂರು ವರ್ಷದ ಆದಾಯ ತೆರಿಗೆ ರಿಟರ್ನ್, ಆರು ತಿಂಗಳ ಸಂಬಳದ ಚೀಟಿ, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್, ವಿಮೆ, ಚಿನ್ನದ ಸಾಲ, ಕೈಸಾಲ ಇಷ್ಟೂ ಇರಲಿ.

ಇನ್ನು ಒಬ್ಬರೇ ವಕೀಲರ ವಿಚಾರ. 13ಬಿ ಅರ್ಜಿಯನ್ನು ಒಬ್ಬ ವಕೀಲರು ಬರೆದು ಸಲ್ಲಿಸುವುದು ನಡೆದೇ ಇದೆ. ಬರೆಯುವುದಕ್ಕೆ ಒಬ್ಬರು ಸಾಕು, ಸಲಹೆಗೆ ಸಾಲದು. ಒಬ್ಬರಿಗೆ ಲಾಭವಾಗುವ ಸಾಲು ಇನ್ನೊಬ್ಬರಿಗೆ ನಷ್ಟವಾಗುವಾಗ ಅವರು ಯಾರ ಕಿವಿಯಲ್ಲಿ ಹೇಳಬೇಕು? ಕರಡು ಸಿದ್ಧವಾದ ಮೇಲೆ ಇನ್ನೊಬ್ಬರು ಅದನ್ನು ತಮ್ಮದೇ ವಕೀಲರಿಗೆ ಒಂದು ಗಂಟೆ ತೋರಿಸಿ ಬರಲಿ. ದುಡ್ಡಿನ ತೊಂದರೆಯಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಡಿ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಪುರುಷರಿಗೆ ಸಾಮಾನ್ಯವಾಗಿ ಆದಾಯದ ಮಿತಿ ಅನ್ವಯಿಸುತ್ತದೆ. ಸಹಾಯವಾಣಿ 15100.

ಪ್ರಶ್ನೆ: ನನ್ನ ಕೇಸನ್ನು ಮಧ್ಯಸ್ಥಿಕೆಗೆ ಕಳಿಸಿದ್ದಾರೆ. ಅಲ್ಲಿ ನಾನು ಮನಸ್ಸು ಬಿಚ್ಚಿ ಹೇಳಿದ್ದು ಜಡ್ಜ್ ಕಿವಿಗೆ ಬೀಳುತ್ತದೆಯೇ?

ಬೀಳುವುದಿಲ್ಲ. ಮಧ್ಯಸ್ಥಿಕೆಗಾರರು ಕೋರ್ಟಿಗೆ ಕಳಿಸುವುದು ಎರಡರಲ್ಲಿ ಒಂದು: ಒಪ್ಪಂದವಾಗಿದ್ದರೆ ಸಹಿಯಾದ ಒಪ್ಪಂದ, ಆಗದಿದ್ದರೆ ‘ಇತ್ಯರ್ಥವಾಗಲಿಲ್ಲ’ ಎಂಬ ಒಂದು ಸಾಲು. ಯಾರು ಏನೆಂದರು, ಯಾರು ಎಷ್ಟು ಕೇಳಿದರು ಎಂಬುದನ್ನು ಬರೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ‘ಹತ್ತು ಲಕ್ಷಕ್ಕೆ ಒಪ್ಪಿದ್ದರಲ್ಲ’ ಎಂದು ನಾಳೆ ಕೋರ್ಟಿನಲ್ಲಿ ಎತ್ತಿ ಆಡಲು ಬರುವುದಿಲ್ಲ.

ಮೊದಲು ಎಲ್ಲರೂ ಒಟ್ಟಿಗೆ ಕೂರುತ್ತೀರಿ, ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆಯುತ್ತಾರೆ. ಬೇರೆಯಾಗಿ ಕೂತಾಗ ‘ಇದನ್ನು ಅವರಿಗೆ ಹೇಳಬೇಡಿ’ ಎಂದರೆ ಹೇಳುವುದಿಲ್ಲ. ಕರ್ನಾಟಕದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ 2007ರಿಂದ ಹೈಕೋರ್ಟಿನ ಆಶ್ರಯದಲ್ಲಿ ಕೆಲಸ ಮಾಡುತ್ತಿದೆ. ಕೇಸು ಹಾಕುವ ಮೊದಲೇ ಮಾತುಕತೆ ಬೇಕಿದ್ದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಕೇಳಬಹುದು.

ಎರಡು ಕಡೆ ಎಡವುತ್ತಾರೆ. ಒಂದು, ನೆಂಟರ ದಂಡು. ಅಣ್ಣ, ಚಿಕ್ಕಪ್ಪ, ಅತ್ತೆ ಹೊರಗಿನ ಬೆಂಚಿನಲ್ಲಿ ಕೂತಿರುತ್ತಾರೆ, ಒಳಗೆ ಒಪ್ಪಿದ್ದು ಬಾಗಿಲು ದಾಟುವಷ್ಟರಲ್ಲಿ ಬಿದ್ದುಹೋಗುತ್ತದೆ. ನಿಮ್ಮ ತೀರ್ಮಾನಕ್ಕೆ ಯಾರ ಒಪ್ಪಿಗೆ ನಿಜಕ್ಕೂ ಬೇಕೋ ಅವರೊಬ್ಬರನ್ನೇ ಕರೆತನ್ನಿ, ಅವರನ್ನೂ ಮಾತಿಗೆ ಕೂರಿಸಲು ಮಧ್ಯಸ್ಥಿಕೆಗಾರರನ್ನು ಕೇಳಿ. ಎರಡು, ಸಂಜೆಯ ದಣಿವಿನಲ್ಲಿ ಹಾಕುವ ಸಹಿ. ನಾಲ್ಕು ಗಂಟೆ ಮಾತಾಡಿದ ಮೇಲೆ ‘ಮುಗಿದರೆ ಸಾಕು’ ಅನ್ನಿಸುತ್ತದೆ. ಕರಡನ್ನು ಮನೆಗೆ ಒಯ್ದು ಒಂದು ರಾತ್ರಿ ಇಟ್ಟುಕೊಂಡು ಓದುತ್ತೇನೆ ಎಂದು ಧೈರ್ಯವಾಗಿ ಹೇಳಿ. ಒಳ್ಳೆಯ ಮಧ್ಯಸ್ಥಿಕೆಗಾರರು ಬೇಡವೆನ್ನುವುದಿಲ್ಲ.

ಪ್ರಶ್ನೆ: ಹೆಂಡತಿ 498ಎ (ಗಂಡ ಮತ್ತು ಅವನ ಕಡೆಯವರ ಕ್ರೌರ್ಯದ ವಿರುದ್ಧದ ಕ್ರಿಮಿನಲ್ ಕೇಸು), ಜೀವನಾಂಶ, ಕೌಟುಂಬಿಕ ಹಿಂಸೆ ಮೂರೂ ಕೇಸು ಹಾಕಿದ್ದಾರೆ. ಈಗ ಇಬ್ಬರಿಗೂ ಸಾಕಾಗಿದೆ, ಒಂದು ಮೊತ್ತಕ್ಕೆ ಒಪ್ಪಿದ್ದೇವೆ. ಹಣ ಕೊಟ್ಟ ಮೇಲೂ ಕೇಸು ಉಳಿದರೆ ಏನು ಗತಿ? ಕೇಸು ತೆಗೆದ ಮೇಲೆ ಹಣ ಬರದಿದ್ದರೆ ಎಂದು ಅವರಿಗೂ ಭಯ.

ಇಬ್ಬರ ಭಯಕ್ಕೂ ಅರ್ಥವಿದೆ. ಎರಡಕ್ಕೂ ಒಂದೇ ಮದ್ದು, ಹಣವನ್ನು ಹಂತಕ್ಕೆ ಕಟ್ಟುವುದು.

ಮೊದಲು ಯಾವ ಕೇಸು ಯಾರ ಕೈಯಲ್ಲಿದೆ ಎಂದು ಬಿಡಿಸಿಕೊಳ್ಳಿ. ಜೀವನಾಂಶದ ಅರ್ಜಿಯನ್ನೂ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಅರ್ಜಿಯನ್ನೂ ಹಾಕಿದವರೇ ಹಿಂಪಡೆಯಬಹುದು. ಜೀವನಾಂಶ ಕೇಳುವ ಕಲಂ, ಅಂದರೆ ಮೊದಲಿನ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125, ಈಗ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 144 ಆಗಿದೆ ಎಂಬುದು ನೆನಪಿರಲಿ. 498ಎ ಹಾಗಲ್ಲ. ಅಲ್ಲಿ ನಿಮ್ಮ ಎದುರಿಗೆ ನಿಂತಿರುವುದು ಸರ್ಕಾರ. ದೂರು ಕೊಟ್ಟವರು ‘ರಾಜಿಯಾಗಿದ್ದೇವೆ’ ಎಂದಷ್ಟಕ್ಕೆ ಮ್ಯಾಜಿಸ್ಟ್ರೇಟರು ಕೈಬಿಡಲಾರರು. ಹೈಕೋರ್ಟಿಗೆ ಹೋಗಿ ಪ್ರಕರಣ ರದ್ದು ಕೋರಬೇಕು, ಈಗಿನ ಸಂಹಿತೆಯಲ್ಲಿ ಅದು ಕಲಂ 528, ಹಿಂದೆ 482. ವೈವಾಹಿಕ ವ್ಯಾಜ್ಯ ನಿಜವಾಗಿ ಇತ್ಯರ್ಥವಾಗಿದ್ದರೆ ಹೀಗೆ ರದ್ದುಪಡಿಸಬಹುದು ಎಂದು ಸುಪ್ರೀಂ ಕೋರ್ಟ್ 2003ರಲ್ಲೂ 2012ರಲ್ಲೂ ಹೇಳಿದೆ. ಹೆಂಡತಿಯ ಅಫಿಡವಿಟ್ ಬೇಕು. ದೂರಿನಲ್ಲಿ ಅತ್ತೆ, ಮಾವ, ನಾದಿನಿಯ ಹೆಸರಿದ್ದರೆ ಅವರೆಲ್ಲರೂ ಅರ್ಜಿಯಲ್ಲಿರಬೇಕು. ಒಬ್ಬರ ಹೆಸರು ಬಿಟ್ಟುಹೋದರೆ ಅವರೊಬ್ಬರ ಮೇಲೆ ಕೇಸು ನಡೆಯುತ್ತಲೇ ಇರುತ್ತದೆ.

ಉದಾಹರಣೆಗೆ ಒಪ್ಪಿದ್ದು 20 ಲಕ್ಷ ಎಂದಿಟ್ಟುಕೊಳ್ಳಿ. ಮೊದಲ ಹಂತದ ಹೇಳಿಕೆಯ ದಿನ 5 ಲಕ್ಷ, ಅದರ ಜೊತೆಗೆ ಜೀವನಾಂಶದ ಅರ್ಜಿ ವಾಪಸ್. ಎರಡನೇ ಹಂತದ ದಿನ 10 ಲಕ್ಷ, ಅದೇ ದಿನ ಕೌಟುಂಬಿಕ ಹಿಂಸೆಯ ಅರ್ಜಿ ವಾಪಸ್ ಮತ್ತು ಹೈಕೋರ್ಟಿಗೆ ಬೇಕಾದ ಅಫಿಡವಿಟ್‌ಗೆ ಸಹಿ. ಉಳಿದ 5 ಲಕ್ಷ ಹೈಕೋರ್ಟಿನಲ್ಲಿ ರದ್ದಾಗುವ ದಿನ. ಎಲ್ಲವೂ ಡಿಡಿಯಲ್ಲಿರಲಿ, ಡಿಡಿ ಸಂಖ್ಯೆ ಕೋರ್ಟಿನ ದಾಖಲೆಗೆ ಸೇರಲಿ. ನಗದು ಬೇಡವೇ ಬೇಡ. ‘ಡಿಕ್ರಿಯಾದ ಮೇಲೆ ಕೊಡುತ್ತೇನೆ’ ಎಂಬ ಒಂದೇ ಸಾಲಿನ ಒಪ್ಪಂದ ಹೆಂಡತಿಗೆ ಅಪಾಯ, ಪೂರ್ತಿ ಹಣ ಮೊದಲೇ ಕೊಡುವುದು ನಿಮಗೆ ಅಪಾಯ.

ಒಡವೆಯ ಮಾತು ಬಂದಾಗ ‘ಎಲ್ಲ ಒಡವೆ ಹಿಂದಿರುಗಿಸಲಾಗಿದೆ’ ಎಂದು ಬರೆದು ಮುಗಿಸುತ್ತಾರೆ. ಹಾಗೆ ಬೇಡ. ಎರಡೆಳೆ ಸರ 32 ಗ್ರಾಂ, ಜುಮುಕಿ ಒಂದು ಜೊತೆ 11 ಗ್ರಾಂ, ಬಳೆ ನಾಲ್ಕು, ಬೆಳ್ಳಿ ದೀಪದ ಕಂಬ ಎರಡು ಎಂದು ಒಂದೊಂದನ್ನೂ ತೂಕ ಹಾಕಿ ಬರೆದು, ಪಟ್ಟಿಯ ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ, ಫೋಟೊ ತೆಗೆದಿಡಿ. ಲಾಕರ್ ಜಂಟಿ ಹೆಸರಿನಲ್ಲಿದ್ದರೆ ಇಬ್ಬರೂ ಒಟ್ಟಿಗೆ ಹೋಗಿ ಖಾಲಿ ಮಾಡಿ ಮುಚ್ಚಿಸಿ.

ಪ್ರಶ್ನೆ: ಮಗಳಿಗೆ 4 ವರ್ಷ, ಮಗನಿಗೆ 11. ನಮ್ಮಿಬ್ಬರ ಮನೆಗೂ ನಡುವೆ ಮೂರು ಕಿಲೋಮೀಟರ್. ಮಕ್ಕಳನ್ನು ಇಬ್ಬರೂ ನೋಡಿಕೊಳ್ಳಬೇಕೆಂದಿದೆ. ಕಾನೂನು ಒಪ್ಪುತ್ತದೆಯೇ? ಒಪ್ಪಂದದಲ್ಲಿ ಏನು ಬರೆಯಬೇಕು?

ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತ ಮತ್ತು ಪೋಷಕತ್ವ ಕಾಯ್ದೆ. ಅದೇ ಕಾಯ್ದೆಯ ಕಲಂ 13 ಇದಕ್ಕೂ ಮೇಲೆ ಮಗುವಿನ ಹಿತವನ್ನು ಇಟ್ಟಿದೆ. ಜಂಟಿ ಸುಪರ್ದಿ ಎಂಬ ಪದ ಕಾಯ್ದೆಯಲ್ಲಿಲ್ಲ, 2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಅದನ್ನು ಸೇರಿಸಲು ಶಿಫಾರಸು ಮಾಡಿತು. ಆದರೂ ಕೋರ್ಟುಗಳು ಅಂಥ ಆದೇಶ ಕೊಟ್ಟಿವೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ, ಶನಿವಾರ-ಭಾನುವಾರ ಇನ್ನೊಬ್ಬರ ಭೇಟಿ, ಫೋನ್ ಮತ್ತು ವಿಡಿಯೊ ಕರೆಗೆ ಅವಕಾಶ, ಖರ್ಚು ಸಮಪಾಲು ಎಂದು ಆದೇಶಿಸಿತ್ತು. ಹಾಗಾಗಿ ನೀವಿಬ್ಬರೂ ಯೋಚಿಸಿ ಬರೆದ ಯೋಜನೆ ಮಕ್ಕಳ ಹಿತಕ್ಕಿದ್ದರೆ ಕೋರ್ಟ್ ಒಪ್ಪುವುದಕ್ಕೆ ತೊಡಕಿಲ್ಲ.

ಇನ್ನು ಬರೆಯುವ ವಿಚಾರ. ‘ತಂದೆಯು ಅನುಕೂಲವಾದಾಗ ಮಕ್ಕಳನ್ನು ನೋಡಬಹುದು’ ಎಂಬ ಸಾಲು ಒಪ್ಪಂದಗಳಲ್ಲಿ ಪದೇ ಪದೇ ಕಾಣುತ್ತದೆ. ಮುಂದಿನ ಜಗಳದ ಬೀಜ ಅದೇ. ಯಾರ ಅನುಕೂಲ? ಬದಲಿಗೆ ಹೀಗಿರಲಿ: ‘ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶುಕ್ರವಾರ ಶಾಲೆ ಬಿಟ್ಟ ಹೊತ್ತಿನಿಂದ ಸೋಮವಾರ ಬೆಳಗ್ಗೆ ಶಾಲೆ ಶುರುವಾಗುವವರೆಗೆ, ಜೊತೆಗೆ ಪ್ರತಿ ಬುಧವಾರ ರಾತ್ರಿ, ಮಗ ತಂದೆಯ ಬಳಿ. ಸೋಮವಾರ ರಜೆಯಿದ್ದರೆ ಮಂಗಳವಾರ ಬೆಳಗ್ಗೆಯವರೆಗೆ.’ ಹೀಗೆ ಬರೆದಾಗ ಇಬ್ಬರಿಗೂ ಫೋನ್ ಮಾಡಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಕೇಳದಿದ್ದರೆ ನಿರಾಕರಣೆಯೂ ಇಲ್ಲ.

ಇಬ್ಬರು ಮಕ್ಕಳಿಗೂ ಒಂದೇ ವೇಳಾಪಟ್ಟಿ ಹೊಂದುವುದಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಿ. ನಾಲ್ಕರ ಮಗುವಿಗೆ ವಾರವೆಂದರೆ ಬಹಳ ದೊಡ್ಡದು. ಅದಕ್ಕೆ ಚಿಕ್ಕ ಚಿಕ್ಕ ಅಂತರದಲ್ಲಿ ಇಬ್ಬರ ಮುಖವೂ ಕಾಣಬೇಕು. ಎರಡು-ಎರಡು-ಮೂರು ಎಂಬ ಕ್ರಮ ಈ ವಯಸ್ಸಿಗೆ ಹೊಂದುತ್ತದೆ: ಸೋಮ, ಮಂಗಳ ಅಮ್ಮನ ಬಳಿ, ಬುಧ, ಗುರು ಅಪ್ಪನ ಬಳಿ, ಶುಕ್ರ, ಶನಿ, ಭಾನು ಅಮ್ಮನ ಬಳಿ, ಮುಂದಿನ ವಾರ ತಿರುಗಾಮುರುಗಾ. ಮೂರು ದಿನಕ್ಕಿಂತ ಹೆಚ್ಚು ಹೊತ್ತು ಯಾರನ್ನೂ ಬಿಟ್ಟಿರುವುದಿಲ್ಲ. ಇದರ ತೊಂದರೆ ಎಂದರೆ ಓಡಾಟ ಹೆಚ್ಚು. ನಿಮ್ಮ ಮೂರು ಕಿಲೋಮೀಟರಿಗೆ ನಡೆಯುತ್ತದೆ, ಇಪ್ಪತ್ತಾದರೆ ಮಗು ವ್ಯಾನಿನಲ್ಲೇ ನಿದ್ದೆ ಮಾಡಬೇಕಾಗುತ್ತದೆ. ಹನ್ನೊಂದರ ಹುಡುಗನಿಗೆ ಗೆಳೆಯರು, ಆಟದ ಮೈದಾನ, ಟ್ಯೂಷನ್ ಇರುತ್ತವೆ. ಅವನಿಗೆ ಒಂದು ಮನೆ ಮುಖ್ಯವಾಗಿದ್ದು, ಇನ್ನೊಂದು ನಿಯಮಿತವಾಗಿ ಇದ್ದರೆ ಒಳ್ಳೆಯದು. ಅಣ್ಣ-ತಂಗಿ ಬೇರೆಬೇರೆಯಾಗಿ ಉಳಿಯದಂತೆ ವಾರಾಂತ್ಯಗಳನ್ನಾದರೂ ಹೊಂದಿಸಿಕೊಳ್ಳಿ.

ಮಕ್ಕಳನ್ನು ಒಪ್ಪಿಸುವ ಜಾಗ ಶಾಲೆಯೇ ಆಗಿರಲಿ. ಬೆಳಗ್ಗೆ ಒಬ್ಬರು ಬಿಡುತ್ತಾರೆ, ಸಂಜೆ ಇನ್ನೊಬ್ಬರು ಕರೆದೊಯ್ಯುತ್ತಾರೆ. ಮನೆ ಬಾಗಿಲಲ್ಲಿ ನಿಂತು ಹಳೆಯ ಮಾತು ತೆಗೆಯುವ ಅವಕಾಶವೇ ಇರುವುದಿಲ್ಲ. ಮಗುವಿನ ಬ್ಯಾಗಿನಲ್ಲಿ ಏನಿರಬೇಕೆಂದು ಒಂದು ಚೀಟಿಯನ್ನು ಎರಡೂ ಮನೆಯ ಬಾಗಿಲಿಗೆ ಅಂಟಿಸಿ. ಔಷಧಿ, ಶಾಲೆಯ ಡೈರಿ, ಮರುದಿನದ ಯೂನಿಫಾರ್ಮ್, ಅಪ್ಪಿಕೊಂಡು ಮಲಗುವ ಗೊಂಬೆ. ನಗಬೇಡಿ. ಆ ಗೊಂಬೆ ಇನ್ನೊಂದು ಮನೆಯಲ್ಲಿ ಉಳಿದ ರಾತ್ರಿ ಮಗು ಹನ್ನೊಂದರವರೆಗೆ ಅಳುತ್ತದೆ, ‘ನಿನ್ನ ಮನೆಗೆ ಬಂದರೆ ಅಳುತ್ತಾಳೆ’ ಎಂಬ ಮಾತು ಮರುದಿನ ವಕೀಲರವರೆಗೂ ಹೋಗುತ್ತದೆ. ಬಟ್ಟೆ, ಹಲ್ಲುಜ್ಜುವ ಬ್ರಷ್, ಚಪ್ಪಲಿ ಎರಡೂ ಕಡೆ ಒಂದೊಂದು ಸೆಟ್ ಇದ್ದುಬಿಡಲಿ.

ರಜೆಗಳನ್ನು ಹೆಸರು ಹಿಡಿದು ಬರೆಯಿರಿ. ದಸರಾ ರಜೆಯ ಮೊದಲರ್ಧ, ಎರಡನೆಯರ್ಧ; ಬೇಸಿಗೆ ರಜೆ ಎರಡು ಭಾಗ; ಯುಗಾದಿ ಸಮಸಂಖ್ಯೆಯ ವರ್ಷ ತಾಯಿಯ ಬಳಿ, ಬೆಸಸಂಖ್ಯೆಯ ವರ್ಷ ತಂದೆಯ ಬಳಿ, ದೀಪಾವಳಿ ಅದಕ್ಕೆ ತದ್ವಿರುದ್ಧ. ಹುಟ್ಟುಹಬ್ಬದ ದಿನ ಇನ್ನೊಬ್ಬರಿಗೆ ಎರಡು ಗಂಟೆ. ಶಾಲೆಯ ದಾಖಲೆಯಲ್ಲಿ ಇಬ್ಬರ ಫೋನ್ ನಂಬರೂ ಇರಲಿ, ಪೋಷಕರ ಸಭೆಯ ಸೂಚನೆ ಇಬ್ಬರಿಗೂ ಬರಲಿ. ಶಸ್ತ್ರಚಿಕಿತ್ಸೆ, ಶಾಲೆ ಬದಲಾವಣೆ, ಪಾಸ್‌ಪೋರ್ಟ್ ಈ ಮೂರಕ್ಕೆ ಇಬ್ಬರ ಲಿಖಿತ ಒಪ್ಪಿಗೆ ಬೇಕೆಂದೂ, ತುರ್ತು ಚಿಕಿತ್ಸೆಗೆ ಜೊತೆಗಿದ್ದವರೇ ತೀರ್ಮಾನಿಸಬಹುದೆಂದೂ ಬರೆಯಿರಿ. ವಿದೇಶ ಪ್ರವಾಸವಿದ್ದರೆ 30 ದಿನ ಮೊದಲು ಟಿಕೆಟಿನ ಪ್ರತಿಯೊಂದಿಗೆ ತಿಳಿಸಬೇಕು, ಹಿಂದಿರುಗುವ ದಿನಾಂಕ ನಮೂದಾಗಿರಬೇಕು. 1980ರ ಹೇಗ್ ಮಕ್ಕಳ ಅಪಹರಣ ಒಡಂಬಡಿಕೆಗೆ ಭಾರತ ಸೇರಿಲ್ಲ, ಗಡಿ ದಾಟಿದ ಮೇಲೆ ಮಗುವನ್ನು ವಾಪಸ್ ತರಿಸುವುದು ದೊಡ್ಡ ಸಾಹಸವಾಗುತ್ತದೆ.

ಮಕ್ಕಳಿಗೆ ವಿಷಯ ಹೇಳುವಾಗ ಇಬ್ಬರೂ ಒಟ್ಟಿಗೆ ಕೂತು ಹೇಳಿ. ‘ನಿಂಗೆ ಯಾರು ಬೇಕು?’ ಎಂದು ಮಾತ್ರ ಕೇಳಬೇಡಿ. ತಿಳಿದು ಆರಿಸುವಷ್ಟು ದೊಡ್ಡವರಾದ ಮಕ್ಕಳ ಇಚ್ಛೆಯನ್ನು ಕೋರ್ಟ್ ಪರಿಗಣಿಸಬಹುದು ಎಂದು 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ ಕಲಂ 17 ಹೇಳುತ್ತದೆ, ಅದಕ್ಕಾಗಿ ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಯಲ್ಲಿ ಒಂಟಿಯಾಗಿ ಮಾತಾಡಿಸುತ್ತಾರೆ. ಆ ಕೆಲಸ ಅವರಿಗಿರಲಿ.

ಕೊನೆಗೊಂದು ಕಲಂ ಪರಿಷ್ಕರಣೆಗೆ. ಎರಡು ವರ್ಷಕ್ಕೊಮ್ಮೆ ಯೋಜನೆಯನ್ನು ಮತ್ತೆ ನೋಡುವುದು, ಭಿನ್ನಾಭಿಪ್ರಾಯ ಬಂದರೆ ಮೊದಲು ಇಮೇಲ್, 15 ದಿನದಲ್ಲಿ ಬಗೆಹರಿಯದಿದ್ದರೆ ಮಧ್ಯಸ್ಥಿಕೆ, ಆಮೇಲಷ್ಟೇ ಕೋರ್ಟ್. ಡಿಕ್ರಿಯ ನಂತರವೂ ಮಕ್ಕಳ ಕುರಿತ ಆದೇಶವನ್ನು ಬದಲಿಸಲು ವಿವಾಹ ಕಾಯ್ದೆಯ ಕಲಂ 26 ಅವಕಾಶ ಕೊಡುತ್ತದೆ.

ಪ್ರಶ್ನೆ: ಬೇಗ ಮುಗಿಯಲಿ ಎಂದು ನನಗೂ ಮಗುವಿಗೂ ಏನೂ ಬೇಡ ಎಂದು ಬರೆದುಕೊಡಲು ತಯಾರಿದ್ದೇನೆ. ತಪ್ಪೇ?

ನಿಮ್ಮದನ್ನು ಬಿಡುವುದು ನಿಮ್ಮ ಇಷ್ಟ. ಮಗುವಿನದನ್ನು ಬಿಡಲು ನಿಮಗೆ ಹಕ್ಕಿಲ್ಲ. ಹಾಗೆ ಬರೆದರೂ ಅದು ಮಗುವನ್ನು ಕಟ್ಟಿಹಾಕುವುದಿಲ್ಲ, ನಾಳೆ ಮಗುವಿನ ಪರವಾಗಿ ಅರ್ಜಿ ಬರಬಹುದು ಎಂಬ ಅಳುಕು ನಿಮ್ಮ ಪತಿಗೂ ಉಳಿಯುತ್ತದೆ. ಚಿಕ್ಕ ಮೊತ್ತವಾದರೂ ಸರಿ, ಬರೆಸಿ. ತಿಂಗಳ ಖರ್ಚು ಪ್ರತಿ ತಿಂಗಳ 5ರೊಳಗೆ ಖಾತೆಗೆ. ಶಾಲಾ ಶುಲ್ಕ, ವೈದ್ಯಕೀಯ ಖರ್ಚು ಇಬ್ಬರ ಆದಾಯದ ಪ್ರಮಾಣದಲ್ಲಿ, ಉದಾಹರಣೆಗೆ 60:40. ಬಿಲ್ಲು ಕಳಿಸಿದ 15 ದಿನದಲ್ಲಿ ಪಾವತಿ. ವರ್ಷಕ್ಕೆ ಇಂತಿಷ್ಟು ಶೇಕಡಾ ಏರಿಕೆ. ಏರಿಕೆಯ ಸಾಲು ಇಲ್ಲದೆ ಹೋದರೆ ಇವತ್ತಿನ ಮೊತ್ತ ಎಂಟು ವರ್ಷದ ನಂತರ ಪುಸ್ತಕಕ್ಕೂ ಸಾಲುವುದಿಲ್ಲ.

ಪ್ರಶ್ನೆ: ಫ್ಲ್ಯಾಟೂ ಸಾಲವೂ ಇಬ್ಬರ ಹೆಸರಿನಲ್ಲಿದೆ. ಫ್ಲ್ಯಾಟ್ ಗಂಡ ಇಟ್ಟುಕೊಳ್ಳುತ್ತಾರೆ, ಕಂತು ಅವರೇ ಕಟ್ಟುತ್ತಾರೆ ಎಂದು ಬರೆದರೆ ಸಾಕಲ್ಲವೇ?

ಸಾಲದು. ನಿಮ್ಮ ಒಪ್ಪಂದಕ್ಕೆ ಬ್ಯಾಂಕ್ ಸಹಿ ಹಾಕಿಲ್ಲ. ಅವರು ಕಂತು ತಪ್ಪಿಸಿದರೆ ಬ್ಯಾಂಕ್ ನಿಮ್ಮನ್ನೇ ಕೇಳುತ್ತದೆ, ನಿಮ್ಮ ಸಿಬಿಲ್ ಅಂಕ ಕೆಡುತ್ತದೆ, ನೀವು ಮುಂದೆ ಮನೆ ಸಾಲಕ್ಕೆ ಹೋದಾಗ ಈ ಸಾಲ ನಿಮ್ಮ ಲೆಕ್ಕದಲ್ಲೇ ಕಾಣುತ್ತದೆ. ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ ತೆಗೆಯಿರಿ. ಅವರೊಬ್ಬರ ಆದಾಯಕ್ಕೆ ಆ ಸಾಲ ಮಂಜೂರಾಗುತ್ತದೆಯೇ ಎಂದು ಬರಹದಲ್ಲಿ ಕೇಳಿ. ಆಗುವುದಾದರೆ ಸಾಲ ಅವರೊಬ್ಬರ ಹೆಸರಿಗಾಗಿ, ನಿಮ್ಮನ್ನು ಬಿಡುಗಡೆ ಮಾಡಿದ ಪತ್ರ ಕೈಗೆ ಬಂದ ಮೇಲೆ ನೀವು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಕೊಡಿ. ಎರಡನೇ ಹಂತದ ಹೇಳಿಕೆಗೆ ಮುಂಚೆ ಇದು ಮುಗಿಯಲಿ. ಅವರಿಗೆ ಸಾಲ ಹುಟ್ಟದಿದ್ದರೆ ಮಾರಿ ಹಂಚಿಕೊಳ್ಳುವುದೇ ಲೇಸು, ಮನಸ್ಸಿಗೆ ಕಷ್ಟವಾದರೂ. ಪಿಎಫ್, ವಿಮೆ, ಬ್ಯಾಂಕ್ ಖಾತೆಗಳ ನಾಮಿನಿ ತಾನಾಗಿ ಬದಲಾಗುವುದಿಲ್ಲ, ಡಿಕ್ರಿಯಾದ ವಾರದಲ್ಲೇ ಬದಲಿಸಿ.

ಪ್ರಶ್ನೆ: ಮೊದಲ ಹಂತದ ಹೇಳಿಕೆಯಾದ ಮೇಲೆ ಅವರು ಮನಸ್ಸು ಬದಲಿಸಿದರೆ?

ಡಿಕ್ರಿಯಾಗುವವರೆಗೂ ಒಪ್ಪಿಗೆ ಹಿಂಪಡೆಯಬಹುದು. 18 ತಿಂಗಳೊಳಗೆ ಎರಡನೇ ಹಂತಕ್ಕೆ ಬರದಿದ್ದರೆ ಡಿಕ್ರಿ ಕೊಡಲೇಬೇಕೆಂಬ ಬಂಧನ ಕೋರ್ಟಿಗಿಲ್ಲ. ಕೋರ್ಟಿಗೆ ಮುಚ್ಚಳಿಕೆ ಕೊಟ್ಟು, ಹಣ ಪಡೆದು, ಆಮೇಲೆ ತಿರುಗಿಬಿದ್ದರೆ ನ್ಯಾಯಾಂಗ ನಿಂದನೆಯ ಪ್ರಶ್ನೆ ಏಳಬಹುದು, ಆದರೂ ಬಲವಂತವಾಗಿ ‘ಒಪ್ಪಿಗೆ’ ಎನ್ನಿಸಲು ಬರುವುದಿಲ್ಲ. ಸುಪ್ರೀಂ ಕೋರ್ಟ್ ಮಾತ್ರ ಸಂವಿಧಾನದ 142ನೇ ವಿಧಿಯಡಿ ಪೂರ್ತಿ ಮುರಿದ ಮದುವೆಯನ್ನು ಒಬ್ಬರು ವಿರೋಧಿಸಿದರೂ ವಿಸರ್ಜಿಸಬಹುದು ಎಂದು 2023ರ ಮೇ 1ರಂದು ಸಂವಿಧಾನ ಪೀಠ ಹೇಳಿತು. ಅದನ್ನು ಹಕ್ಕೆಂದು ಕೇಳುವಂತಿಲ್ಲ.

ಪ್ರಶ್ನೆ: ಮಗ-ಸೊಸೆ ಬೇರೆಯಾಗುತ್ತಿದ್ದಾರೆ. ಮೊಮ್ಮಗಳನ್ನು ಮೂರು ವರ್ಷ ನಾನೇ ಎತ್ತಿ ಆಡಿಸಿದೆ. ಇನ್ನು ಅವಳನ್ನು ನೋಡಲು ಬಿಡುತ್ತಾರೋ ಇಲ್ಲವೋ.

ಅಮ್ಮಾ, ಅವರ ಒಪ್ಪಂದ ಇನ್ನೂ ಸಹಿಯಾಗಿಲ್ಲವಾದರೆ ಇದೇ ಸಮಯ. ‘ತಂದೆಯ ಬಳಿ ಇರುವ ದಿನಗಳಲ್ಲಿ ಮಗು ಅಜ್ಜಿಯ ಜೊತೆ ಇರಬಹುದು, ತಾಯಿಯ ಬಳಿ ಇರುವಾಗ ವಾರಕ್ಕೊಮ್ಮೆ, ಭಾನುವಾರ ಸಂಜೆ 6ಕ್ಕೆ ವಿಡಿಯೊ ಕರೆ’ ಎಂಬ ಎರಡು ಸಾಲು ಸೇರಿಸಲು ಕೇಳಿ. ಮಗನ ಮೂಲಕ ಹೇಳಿ ಕಳಿಸಬೇಡಿ, ಸೊಸೆಯನ್ನು ನೀವೇ ನೇರವಾಗಿ ಕೇಳಿ. ಮಗುವಿನ ಮುಂದೆ ಆಕೆಯ ಬಗ್ಗೆ ಒಂದು ಕೆಟ್ಟ ಮಾತೂ ಬರುವುದಿಲ್ಲ ಎಂಬ ಭರವಸೆಯನ್ನೂ ಆಗಲೇ ಕೊಡಿ. ಆಕೆಗೆ ಇರುವ ದೊಡ್ಡ ಅಳುಕು ಅದೇ ಇರಬಹುದು.

ಪ್ರಶ್ನೆ: ಕುಡಿದು ಬಂದು ಹೊಡೆಯುತ್ತಾರೆ. ತವರಿನವರು ‘ರಾಜಿಯಲ್ಲಿ ಮುಗಿಸಿಕೊ, ಕೋರ್ಟು ಬೇಡ’ ಅನ್ನುತ್ತಾರೆ. ಮಧ್ಯಸ್ಥಿಕೆಗೆ ಹೋಗಲೇ?

ಈಗ ಬೇಡ. ಮೇಲೆ ಬರೆದದ್ದೆಲ್ಲ ಇಬ್ಬರೂ ಹೆದರದೆ ‘ಇಲ್ಲ’ ಅನ್ನಬಲ್ಲ ಕಡೆ ಮಾತ್ರ ನಡೆಯುವ ದಾರಿ. ಹೊಡೆತದ ಭಯದಲ್ಲಿ ಹಾಕಿದ ಸಹಿ ಒಪ್ಪಿಗೆಯಾಗುವುದಿಲ್ಲ. ಮೊದಲು ರಕ್ಷಣೆ. ತುರ್ತಿದ್ದರೆ 112, ಮಹಿಳಾ ಸಹಾಯವಾಣಿ 181. ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹೇಗಾಯಿತೆಂದು ಇದ್ದದ್ದನ್ನೇ ಬರೆಸಿ, ಚೀಟಿ ಇಟ್ಟುಕೊಳ್ಳಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಕಲಂ 12ರಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ರಕ್ಷಣಾಧಿಕಾರಿ ಅರ್ಜಿ ಬರೆಯಲು ನೆರವಾಗುತ್ತಾರೆ, ಕರ್ನಾಟಕದಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ ಆಗಬೇಕೆಂದು ಕಾಯ್ದೆಯಲ್ಲೇ ಇದೆ. ಹತ್ತಿರ ಸುಳಿಯದಂತೆ ಆದೇಶ, ಮನೆಯಲ್ಲಿ ಉಳಿಯುವ ಹಕ್ಕು, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ ಇವೆಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು.

ರಕ್ಷಣೆಯ ಆದೇಶ ಕೈಯಲ್ಲಿದ್ದು, ನೀವು ಬೇರೆ ಮನೆಯಲ್ಲಿ ನೆಲೆಯಾದ ಮೇಲೆ ವಿಚ್ಛೇದನದ ಮಾತುಕತೆಗೆ ಕೂರುವ ಮನಸ್ಸಾದರೆ, ಮಧ್ಯಸ್ಥಿಕೆಗಾರರಿಗೆ ಮೊದಲೇ ಖಾಸಗಿಯಾಗಿ ಹಿಂಸೆಯ ವಿಷಯ ತಿಳಿಸಿ. ಇಬ್ಬರನ್ನೂ ಬೇರೆಬೇರೆ ಕೊಠಡಿಯಲ್ಲಿ ಕೂರಿಸಿ ಅವರೇ ನಡುವೆ ಓಡಾಡುತ್ತಾರೆ. ನಿಮ್ಮ ವಕೀಲರು ಜೊತೆಗಿರಲಿ. ಮುಗಿದಾಗ ನಿಮ್ಮನ್ನು ಅರ್ಧ ಗಂಟೆ ಮೊದಲು ಹೊರಡಿಸಿ, ಆಮೇಲೆ ಅವರನ್ನು ಬಿಡಲು ಕೇಳಿಕೊಳ್ಳಿ. ಮಕ್ಕಳ ಭೇಟಿ ಕೋರ್ಟಿನ ಮಕ್ಕಳ ಕೊಠಡಿಯಂಥ, ಬೇರೆಯವರ ಕಣ್ಣಿರುವ ಜಾಗದಲ್ಲೇ ಆಗಲಿ.